ಸಾಗರದಿಂದ ಕಾಶಿಗೆ 23 ಜನ, ರೈಲಲ್ಲಿ: ಟಿಕೆಟ್ ಹೇಗೆ ಹಂಚಿ ಮಾಡಿಸೋದು?

ಅಡಿಕೆಸಾಲು, ಸಾಗರ

ಕೊಯ್ಲು ಮುಗಿಸಿಕೊಂಡು ಫೆಬ್ರವರಿಯಲ್ಲಿ ಮನೆಮಂದಿಯೆಲ್ಲ ಸೇರಿ ಕಾಶಿ, ಪ್ರಯಾಗ ಮಾಡಿಬರೋದು ಅಂತ ತೀರ್ಮಾನ ಆಗಿದೆ. ವಿಮಾನ ಬೇಡ, ರೈಲೇ ಆಗಬೇಕು ಅಂತ ಹಿರಿಯರ ಹಟ. ಒಟ್ಟು 23 ಜನ. ಲೆಕ್ಕ ಹೀಗಿದೆ:

62ರಿಂದ 78 ವರ್ಷದ ಮೂರು ಜೋಡಿ, ಅಂದ್ರೆ 6 ಜನ. ಅದರಲ್ಲಿ ದೊಡ್ಡಾಯಿಗೆ ಮಂಡಿನೋವು, ಮೇಲೆ ಹತ್ತೋ ಹಾಗೇ ಇಲ್ಲ. ಉಳಿದ ದೊಡ್ಡವರು 11 (ಅತ್ತೆಗೆ 52, ಚಿಕ್ಕಮ್ಮಂಗೆ 48). ಐದರಿಂದ ಹನ್ನೊಂದು ವರ್ಷದ ಮಕ್ಕಳು 4, ಐದರ ಒಳಗಿನವು 2. ಸಾಗರದಲ್ಲಿ ಹತ್ತೋರು 14, ತೀರ್ಥಹಳ್ಳಿ ಕಡೆಯವರು 9 ಜನ ಶಿವಮೊಗ್ಗದಲ್ಲಿ ಹತ್ತುತ್ತಾರೆ. ಎರಡೂ ಕಡೆ ಒಂದೊಂದು ಚಿಕ್ಕ ಮಗು.

ಅಂದಾಜು ಯೋಜನೆ: ಫೆಬ್ರವರಿ 10ರ ರಾತ್ರಿ ತಾಳಗುಪ್ಪ–ಮೈಸೂರು ಗಾಡಿಯಲ್ಲಿ ಬೆಂಗಳೂರು, 11ರ ಬೆಳಿಗ್ಗೆ ಅಲ್ಲಿಂದ ಸಂಘಮಿತ್ರ ಎಕ್ಸ್‌ಪ್ರೆಸ್. ಬರುವಾಗ 18ರ ರಾತ್ರಿ ಅಲ್ಲಿಂದ ಹೊರಡೋದು. ಎಲ್ಲರಿಗೂ ಒಂದೇ ಬೋಗಿ ಸಿಗೋ ಹಾಗೆ ಒಟ್ಟಿಗೆ ಬುಕ್ ಮಾಡಕ್ಕೆ ಆಗುತ್ತಾ? ಐಆರ್‌ಸಿಟಿಸಿಯಲ್ಲಿ (ರೈಲ್ವೆ ಟಿಕೆಟ್ ವೆಬ್‌ಸೈಟ್) ಒಬ್ಬರ ಐಡಿಯಲ್ಲೇ ಎಲ್ಲ ಮಾಡಬಹುದಾ? ಗೊತ್ತಿರೋರು ಬಿಡಿಸಿ ಹೇಳಿ.

---

ಬೀರೂರು ಜಂಕ್ಷನ್

ಮೊದಲು ‘ಎಲ್ಲ ಒಟ್ಟಿಗೆ’ ಅನ್ನೋದನ್ನ ತಲೆಯಿಂದ ತೆಗೀರಿ. ಒಂದು ಪಿಎನ್‌ಆರ್‌ಗೆ, ಅಂದ್ರೆ ಒಂದು ಟಿಕೆಟ್‌ಗೆ, ಆರು ಜನ, ಅಷ್ಟೇ. ಹಾಗಾಗಿ ಒಡೆಯಲೇಬೇಕು. ಹೇಗೆ ಒಡೀತೀರಿ ಅನ್ನೋದರ ಮೇಲೆ ದೊಡ್ಡಾಯಿಗೆ ಕೆಳಗಿನ ಬರ್ತ್ ಸಿಗುತ್ತೋ ಇಲ್ಲವೋ ಅನ್ನೋದು ನಿಂತಿದೆ.

ಹೆಚ್ಚಿನವರು ಆರಾರು ಜನರ ಗುಂಪು ಮಾಡಿ, ಪ್ರತಿ ಗುಂಪಿಗೆ ಇಬ್ಬರು ಹಿರಿಯರನ್ನ ಸೇರಿಸ್ತಾರೆ. ನೋಡಿಕೊಳ್ಳೋರು ಜೊತೆಗಿರಲಿ ಅನ್ನೋ ಭಾವನೆ. ಆದರೆ ಲೋವರ್ ಬರ್ತ್ ಕೋಟಾ ಅಂತ ಒಂದಿದೆ. 60 ದಾಟಿದ ಗಂಡಸರು, 45 ದಾಟಿದ ಹೆಂಗಸರಿಗೆ. ಅದು ಅನ್ವಯ ಆಗೋದು ಟಿಕೆಟ್‌ನಲ್ಲಿ ಅಂಥವರು ಒಬ್ಬರೇ ಅಥವಾ ಇಬ್ಬರೇ ಇದ್ದಾಗ ಮಾತ್ರ. ಮೂರನೆಯವರ ಹೆಸರು ಸೇರಿತೋ ಕೋಟಾ ಹೋಯ್ತು. ಆಮೇಲೆ ಕಂಪ್ಯೂಟರ್ ಖಾಲಿ ಇದ್ರೆ ಕೆಳಗಿನದು ಕೊಡುತ್ತೆ, ಇಲ್ದಿದ್ರೆ ಮಿಡ್ಲ್.

ಅದಕ್ಕೆ ಸಂಘಮಿತ್ರಕ್ಕೆ ನಿಮ್ಮ ಲೆಕ್ಕ ಹೀಗಿರಲಿ. ಮೂರು ಹಿರಿಯ ಜೋಡಿಗೆ ಮೂರು ಟಿಕೆಟ್, ಲೋವರ್ ಬರ್ತ್ ಕೋಟಾದಲ್ಲಿ. ಅತ್ತೆ ಮತ್ತೆ ಚಿಕ್ಕಮ್ಮ, ಇಬ್ಬರೂ 45 ದಾಟಿದೋರು, ಅವರಿಬ್ಬರದೇ ನಾಲ್ಕನೇ ಟಿಕೆಟ್, ಅದೂ ಅದೇ ಕೋಟಾದಲ್ಲಿ. ಉಳಿದದ್ದು 9 ದೊಡ್ಡವರು, 4 ಮಕ್ಕಳು. ಅವರನ್ನ 5, 4, 4 ಅಂತ ಜನರಲ್ ಕೋಟಾದಲ್ಲಿ ಮಾಡಿ. ಮಕ್ಕಳು ಅವರವರ ಅಪ್ಪ-ಅಮ್ಮನ ಟಿಕೆಟ್‌ನಲ್ಲೇ ಇರಲಿ. ಒಟ್ಟು 7 ಪಿಎನ್‌ಆರ್, 21 ಬರ್ತ್. ಎಲ್ಲ ಸರಿಯಾಗಿ ಬಂದರೆ 8 ಕೆಳಗಿನ ಬರ್ತ್ ನಿಮ್ಮ ಕೈಲಿರುತ್ತೆ. ಅತ್ತೆ, ಚಿಕ್ಕಮ್ಮನಿಗೆ ಬಂದದ್ದನ್ನ ಆಮೇಲೆ ಚಿಕ್ಕ ಮಗು ಇರೋ ತಾಯಂದಿರಿಗೆ ಕೊಡಬಹುದು, ಮನೆಯವರೊಳಗೇ ಅದಲು-ಬದಲು ತಾನೇ.

ಐದರ ಒಳಗಿನ ಎರಡು ಮಕ್ಕಳಿಗೆ ಟಿಕೆಟ್ ಬೇಡ, ಹೆಸರು ಮಾತ್ರ ನಮೂದಿಸಿ. ಐದರಿಂದ ಹನ್ನೊಂದರವರೆಗೆ ಬರ್ತ್ ಬೇಡ ಅಂದ್ರೆ ಅರ್ಧ ಚಾರ್ಜು, ಬೇಕು ಅಂದ್ರೆ ಪೂರ್ತಿ. 2016ರಿಂದ ಇದೇ ನಿಯಮ. ಎರಡು ರಾತ್ರಿಯ ಪ್ರಯಾಣಕ್ಕೆ ಅರ್ಧ ಟಿಕೆಟ್‌ನ ಆಸೆಗೆ ಬೀಳಬೇಡಿ. ಹತ್ತು ವರ್ಷದ ಹುಡುಗನ ಜೊತೆ ಒಂದೇ ಬರ್ತ್‌ನಲ್ಲಿ ಮಲಗಿದೋರು ಎರಡನೇ ರಾತ್ರಿ ಕೂತೇ ಬೆಳಗು ಮಾಡ್ತಾರೆ. ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು ಮತ್ತೆ ಬಂದಿಲ್ಲ, ಬಜೆಟ್‌ನಲ್ಲಿ ಅದನ್ನ ಹಿಡೀಬೇಡಿ.

ಇನ್ನು ಐಡಿ ವಿಷಯ. ಆಧಾರ್ ಜೋಡಿಸಿದ ಐಡಿಗೆ ತಿಂಗಳಿಗೆ 24 ಟಿಕೆಟ್, ಜೋಡಿಸದ್ದಕ್ಕೆ 12. ನಿಮಗೆ ಸಂಘಮಿತ್ರ ಹೋಗಿ-ಬರಕ್ಕೆ 7+7. ತಾಳಗುಪ್ಪ ಗಾಡಿಗೆ ಸಾಗರದ 13 ಬರ್ತ್‌ಗೆ ಮೂರು ಟಿಕೆಟ್, ಶಿವಮೊಗ್ಗದ 8ಕ್ಕೆ ಎರಡು, ಹೋಗಿ-ಬರಕ್ಕೆ 5+5. ಕೂಡಿದರೆ ಸರಿಯಾಗಿ 24. ಬುಕಿಂಗೆಲ್ಲ ಡಿಸೆಂಬರ್ ಒಂದೇ ತಿಂಗಳಲ್ಲಿ ಬರೋದ್ರಿಂದ ಒಂದು ಐಡಿಯಲ್ಲಿ ಮಾಡಿದ್ರೆ ಒಂದು ಟಿಕೆಟ್ ರದ್ದು ಮಾಡಿ ಮತ್ತೆ ಮಾಡಿಸಕ್ಕೂ ಜಾಗ ಉಳಿಯಲ್ಲ.

ಅದಕ್ಕಿಂತ ದೊಡ್ಡ ತೊಡಕು ಬೇರೆ. ಬುಕಿಂಗ್ ತೆರೆಯೋ ದಿನ ಬೆಳಿಗ್ಗೆ 8ರಿಂದ 10ರ ತನಕ ಒಂದು ಐಡಿಗೆ ಎರಡೇ ಟಿಕೆಟ್. ಏಳು ಟಿಕೆಟ್ ಅಂದ್ರೆ ನಾಲ್ಕು ಐಡಿ, ನಾಲ್ಕು ಫೋನು, ನಾಲ್ಕು ಜನ. ನಾಲ್ಕೂ ಐಡಿಗೆ ಆಧಾರ್ ದೃಢೀಕರಣ ಮೊದಲೇ ಆಗಿರಬೇಕು, ಇಲ್ದಿದ್ರೆ ತೆರೆದ ಹೊತ್ತಿಗೆ ಒಳಗೇ ಬಿಡಲ್ಲ. ‘ಮಾಸ್ಟರ್ ಲಿಸ್ಟ್’ನಲ್ಲಿ ಆಯಾ ಫೋನಿನವರು ಮಾಡಿಸಬೇಕಾದ ಹೆಸರುಗಳನ್ನ ವಾರ ಮೊದಲೇ ತುಂಬಿಡಿ. ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಇರಲಿ, ಮನೆಯಲ್ಲಿ ಕರೆಯೋ ಹೆಸರು ಬೇಡ. ಸಾಗರ, ತೀರ್ಥಹಳ್ಳಿ ಕಡೆ ಮಳೆ-ಗಾಳಿ ಇಲ್ದಿದ್ರೂ ನೆಟ್‌ವರ್ಕ್ ಕೈಕೊಡೋದುಂಟು. ಒಬ್ಬರಾದ್ರೂ ಪೇಟೆಯಲ್ಲಿ ಕೂತಿರಲಿ. ದುಡ್ಡು ಐಆರ್‌ಸಿಟಿಸಿ ವಾಲೆಟ್‌ನಲ್ಲಿ ಹಾಕಿಟ್ಟರೆ ಬ್ಯಾಂಕ್ ಪುಟದಲ್ಲಿ ಸುತ್ತೋ ಚಕ್ರ ನೋಡ್ತಾ ಕೂರೋದು ತಪ್ಪುತ್ತೆ.

ತಾರೀಕು: ಹೊರಡೋ ದಿನ ಬಿಟ್ಟು 60 ದಿನ ಮುಂಚೆ. ಫೆಬ್ರವರಿ 10ರ ತಾಳಗುಪ್ಪ ಗಾಡಿಗೆ ಡಿಸೆಂಬರ್ 12, 11ರ ಸಂಘಮಿತ್ರಕ್ಕೆ ಡಿಸೆಂಬರ್ 13, ವಾಪಸು 18ಕ್ಕೆ ಡಿಸೆಂಬರ್ 20. ಅಂದ್ರೆ ಹೋಗೋ ಟಿಕೆಟ್ ಕೈಗೆ ಬಂದು ಒಂದು ವಾರದ ತನಕ ಬರೋ ಟಿಕೆಟ್ ಗ್ಯಾರಂಟಿ ಇರಲ್ಲ. ಆ ವಾರದಲ್ಲಿ ‘ನಾವು ಬರಲ್ಲ’ ಅನ್ನೋರು ಶುರುವಾಗ್ತಾರೆ. ಎಲ್ಲರ ದುಡ್ಡನ್ನೂ ಡಿಸೆಂಬರ್ 10ರೊಳಗೆ ತಗೊಂಡುಬಿಡಿ.

ಬುಕ್ ಮಾಡುವಾಗ ‘ಕನ್ಫರ್ಮ್ ಬರ್ತ್ ಸಿಕ್ಕರೆ ಮಾತ್ರ’ ಮತ್ತೆ ‘ಎಲ್ಲ ಬರ್ತ್ ಒಂದೇ ಬೋಗಿಯಲ್ಲಿ ಇದ್ರೆ ಮಾತ್ರ’ ಅನ್ನೋ ಆಯ್ಕೆಗಳನ್ನ ನೋಡಿಕೊಳ್ಳಿ. ಮೊದಲ ಟಿಕೆಟ್ ಬಿ3 ಬೋಗಿಗೆ ಬಂತು ಅಂದ್ಕೊಳ್ಳಿ, ಉಳಿದ ಮೂವರು ಫೋನಲ್ಲೇ ಇರಲಿ, ‘ಇಷ್ಟದ ಬೋಗಿ’ ಜಾಗದಲ್ಲಿ ಬಿ3 ಹಾಕಲಿ. ಆಟೋ ಅಪ್‌ಗ್ರೇಡೇಶನ್ ತೆಗೆದುಬಿಡಿ: ಒಂದು ಪಿಎನ್‌ಆರ್ ಮಾತ್ರ ಸೆಕೆಂಡ್ ಎಸಿಗೆ ಜಿಗಿದರೆ ಅದೃಷ್ಟ ಅಲ್ಲ, ಹಿರಿಯರೊಂದು ಕಡೆ ನೋಡಿಕೊಳ್ಳೋರೊಂದು ಕಡೆ ಆಗೋ ಕೆಲಸ. ‘ವಿಕಲ್ಪ್’ (ಬೇರೆ ಗಾಡಿಯಲ್ಲಿ ಜಾಗ ಕೊಡೋ ಆಯ್ಕೆ) ಕೂಡ ಬೇಡ.

---

ತುಂಗಾತೀರ

ಟಿಕೆಟ್‌ ಲೆಕ್ಕಕ್ಕಿಂತ ಮೊದಲು ಪಂಚಾಂಗ ತೆಗೀರಿ.

ಸಂಘಮಿತ್ರ ಹೋಗೋದು ದಾನಾಪುರಕ್ಕೆ, ಪಟ್ನಾದ ಪಕ್ಕ. ಹೆಸರಿಗೆ ನಮಗೆ ಕಾಶಿಯಾತ್ರೆ ಗಾಡಿ, ನಿಜವಾಗಿ ಅದು ಬೆಂಗಳೂರಲ್ಲಿ ದುಡಿಯೋ ಬಿಹಾರದವರ ಊರಗಾಡಿ. ದೀಪಾವಳಿಯಾದ ಆರನೇ ದಿನ ಅವರ ಛಠ್ ಹಬ್ಬ. ಅದಕ್ಕೆ ಮುಂಚೆ ಇಲ್ಲಿಂದ, ಆದಮೇಲೆ ಅಲ್ಲಿಂದ, ಬರ್ತ್ ಅನ್ನೋ ಮಾತೇ ಇಲ್ಲ. ಹೋಳಿಗೂ ಹಾಗೇ. ಡಿಸೆಂಬರ್ ಕೊನೆ, ಜನವರಿಯಲ್ಲಿ ಗಂಗೆಯ ಬಯಲಿಗೆ ಮಂಜು ಇಳಿದು ಗಾಡಿಗಳು ಗಂಟೆಗಟ್ಟಲೆ ತಡ. ಹಾಗಾಗಿ ಕೊಯ್ಲು ಮುಗಿದ ಫೆಬ್ರವರಿ ಒಳ್ಳೆಯ ಆಯ್ಕೆಯೇ. ಆದರೆ ಒಂದು ಮಾತು.

ಪ್ರಯಾಗದಲ್ಲಿ ಪ್ರತಿ ವರ್ಷ ಮಾಘ ಮೇಳ ನಡೆಯುತ್ತೆ, ಪುಷ್ಯ ಹುಣ್ಣಿಮೆಯಿಂದ ಶಿವರಾತ್ರಿ ತನಕ. ಅದರಲ್ಲಿ ಮೌನಿ ಅಮಾವಾಸ್ಯೆ ದಿನ ಸಂಗಮದ ಕಡೆ ತಲೆ ಹಾಕಬೇಡಿ. ಅದು ನಮ್ಮ ಪಂಚಾಂಗದ ಪುಷ್ಯ ಬಹುಳ ಅಮಾವಾಸ್ಯೆ. ವಸಂತ ಪಂಚಮಿ, ಮಾಘ ಹುಣ್ಣಿಮೆಗೂ ವಾಹನ ದೂರದಲ್ಲೇ ತಡೀತಾರೆ, ಮಂಡಿನೋವಿನೋರು ಕಿಲೋಮೀಟರ್‌ಗಟ್ಟಲೆ ನಡೀಬೇಕಾಗುತ್ತೆ. ಶಿವರಾತ್ರಿ ವಾರ ಕಾಶಿಯೇ ಕಿಕ್ಕಿರಿದಿರುತ್ತೆ. ನಿಮ್ಮ 13ರಿಂದ 18 ಈ ತಿಥಿಗಳಿಗೆ ತಾಗುತ್ತಾ ನೋಡಿ. ತಾಗಿದ್ರೆ ಪೂರ್ತಿ ಯೋಜನೆಯನ್ನೇ ಒಂದು ವಾರ ಆಚೆಗೆ ತಳ್ಳಿ. ಮಾರ್ಚ್‌ಗೆ ತಳ್ಳಿದ್ರೆ ಮಕ್ಕಳ ಪರೀಕ್ಷೆ, ಜೊತೆಗೆ ಹೋಳಿ, ಅಂದ್ರೆ ಫಾಲ್ಗುಣ ಹುಣ್ಣಿಮೆ.

ಸ್ಟೇಷನ್ ಹೆಸರಲ್ಲಿ ಜನ ತಪ್ಪೋದು ಜಾಸ್ತಿ. ಸಂಘಮಿತ್ರ ವಾರಾಣಸಿಗೆ ಹೋಗೋದೇ ಇಲ್ಲ. ಇಳಿಯಬೇಕಾದ್ದು ಪಂಡಿತ್ ದೀನದಯಾಳ್ ಉಪಾಧ್ಯಾಯ ಜಂಕ್ಷನ್, ಹಳೇ ಮುಘಲ್‌ಸರಾಯ್, 2018ರಲ್ಲಿ ಹೆಸರು ಬದಲಾಯ್ತು. ಅಲ್ಲಿಂದ ಕಾಶಿಗೆ ಸುಮಾರು 17-20 ಕಿ.ಮೀ. ರಸ್ತೆ. ಬನಾರಸ್ ಅನ್ನೋದು ಹಳೇ ಮಡುವಾಡೀಹ್, ವಾರಾಣಸಿ ಜಂಕ್ಷನ್ ಅನ್ನೋದು ಕ್ಯಾಂಟ್, ಕಾಶಿ ಅನ್ನೋ ಹೆಸರಲ್ಲೇ ಇನ್ನೊಂದು ಚಿಕ್ಕ ಸ್ಟೇಷನ್ ಇದೆ. ವಾಹನದವನಿಗೆ ಹೇಳುವಾಗ ‘ಡಿಡಿಯು’ ಅಥವಾ ‘ಮುಘಲ್‌ಸರಾಯ್’ ಅಂತಲೇ ಹೇಳಿ.

ಹಾಗೇ ಪ್ರಯಾಗದಲ್ಲಿ ಸಂಘಮಿತ್ರ ನಿಲ್ಲೋದು ಪ್ರಯಾಗ್‌ರಾಜ್ ಜಂಕ್ಷನ್‌ನಲ್ಲಿ ಅಲ್ಲ, ಛಿವ್ಕಿಯಲ್ಲಿ. ಯಮುನೆಯ ಈಚೆ, ನೈನಿ ಕಡೆ. ಇದು ನಿಮಗೆ ಅನುಕೂಲವೇ. ಕಾಶಿ ಮುಗಿಸಿ ರಸ್ತೆಯಲ್ಲಿ 120 ಕಿ.ಮೀ. ಪ್ರಯಾಗಕ್ಕೆ ಬಂದು, ಸಂಗಮ ಮುಗಿಸಿ, ಛಿವ್ಕಿಯಲ್ಲೇ ವಾಪಸು ಗಾಡಿ ಹತ್ತಬಹುದು, ಕಾಶಿಗೆ ತಿರುಗಿ ಬರೋ ಕೆಲಸ ಇಲ್ಲ.

ಆದರೆ ತಾರೀಕಿನ ಬಲೆ ಅಲ್ಲೇ ಇದೆ. ವಾಪಸು ಗಾಡಿ ರಾತ್ರಿ ದಾನಾಪುರದಿಂದ ಹೊರಟು ಛಿವ್ಕಿಗೆ ಬರೋದು ನಡುರಾತ್ರಿ ದಾಟಿದ ಮೇಲೆ. ನಿಮ್ಮ ಬಾಯಲ್ಲಿ ಅದು ‘18ರ ರಾತ್ರಿ’, ಟಿಕೆಟ್‌ನಲ್ಲಿ 19. ‘18’ ಅಂತ ಹಾಕಿ ಬುಕ್ ಮಾಡಿದ್ರೆ ನೀವು ಸ್ಟೇಷನ್‌ಗೆ ಹೋಗೋ ಹೊತ್ತಿಗೆ ಆ ಗಾಡಿ ಹಿಂದಿನ ರಾತ್ರಿಯೇ ಹೋಗಿರುತ್ತೆ, 21 ಬರ್ತ್ ನೀರುಪಾಲು. ಇನ್ನೊಂದು ಸೂಕ್ಷ್ಮ: 60 ದಿನ ಎಣಿಸೋದು ಗಾಡಿ ಮೊದಲ ಸ್ಟೇಷನ್ ಬಿಡೋ ದಿನದಿಂದ. ಹಾಗಾಗಿ ಛಿವ್ಕಿಯಲ್ಲಿ 19 ಅಂತ ಇದ್ರೂ ಬುಕಿಂಗ್ ತೆರೆಯೋದು ಡಿಸೆಂಬರ್ 20ಕ್ಕೇ. 21ಕ್ಕೆ ಕೂತರೆ ಒಂದು ದಿನ ಹಿಂದೆ ಬಿದ್ದಿರ್ತೀರಿ.

ಗಯಾ ಸೇರಿಸೋ ಯೋಚನೆ ಇದ್ರೆ ಈಗಲೇ ಹೇಳಿ. ಕಾಶಿಯಿಂದ ರಸ್ತೆಯಲ್ಲಿ 250 ಕಿ.ಮೀ. ಹತ್ತಿರ, 78 ವರ್ಷದವರನ್ನ ಬೆಳಿಗ್ಗೆ ಹೊರಡಿಸಿ ರಾತ್ರಿ ವಾಪಸು ತರೋದು ಹಿಂಸೆ. ಡಿಡಿಯುನಿಂದ ಗಯಾಕ್ಕೆ ನೇರ ರೈಲು ಬೇಕಾದಷ್ಟಿವೆ. ಶ್ರಾದ್ಧ ಮಾಡೋರು ನಾಲ್ಕೇ ಜನ ಹೋಗಿ ಬರಲಿ, ಉಳಿದೋರು ಕಾಶಿಯಲ್ಲೇ ಇರಲಿ.

---

ಆಗುಂಬೆ ಘಾಟಿ

ಬೀರೂರಿನೋರು ಹೇಳಿದ್ದಕ್ಕೆ ಒಂದಷ್ಟು ಸೇರಿಸ್ತೀನಿ.

ತಾಳಗುಪ್ಪ ಗಾಡಿಯ ಟಿಕೆಟ್ ಸಾಗರ, ಶಿವಮೊಗ್ಗ ಅಂತ ಬೇರೆ ಮಾಡಿಸಿ ಅಂದದ್ದಕ್ಕೆ ಕಾರಣ ಇದೆ. ಎಲ್ಲರಿಗೂ ಸಾಗರದಿಂದಲೇ ಮಾಡಿಸಿದ್ರೆ, ಈಗ ಟಿಟಿಇ ಕೈಯಲ್ಲಿರೋ ಮಿಷನ್‌ನಲ್ಲಿ ಬಾರದೇ ಇದ್ದೋರ ಬರ್ತ್ ಅಲ್ಲೇ ಆರ್‌ಎಸಿಯವರಿಗೆ (ಪೂರ್ತಿ ಬರ್ತ್ ಸಿಗದೇ ಕಾಯ್ತಾ ಇರೋರಿಗೆ) ಹೋಗುತ್ತೆ. ಶಿವಮೊಗ್ಗದಲ್ಲಿ ಹತ್ತೋ ಹೊತ್ತಿಗೆ ನಿಮ್ಮ ಬರ್ತ್‌ನಲ್ಲಿ ಬೇರೆಯವರು ಹೊದ್ದು ಮಲಗಿರ್ತಾರೆ. ಒಂದೇ ಟಿಕೆಟ್ ಮಾಡಿಸಿಬಿಟ್ಟಿದ್ರೆ ಬೋರ್ಡಿಂಗ್ ಸ್ಟೇಷನ್ ಬದಲಾಯಿಸಬಹುದು, ಆದರೆ ಅದು ಇಡೀ ಪಿಎನ್‌ಆರ್‌ಗೆ ಬದಲಾಗುತ್ತೆ. ಆಮೇಲೆ ಸಾಗರದೋರಿಗೆ ಸಾಗರದಲ್ಲಿ ಹತ್ತೋ ಹಕ್ಕು ಇರಲ್ಲ. ಐಆರ್‌ಸಿಟಿಸಿಯಲ್ಲಿ ಸಾಗರ ಅಂತ ಹುಡುಕುವಾಗ ‘ಸಾಗರ ಜಂಬಗಾರು’ ಅಂತ ಬರುತ್ತೆ, ಮಧ್ಯಪ್ರದೇಶದಲ್ಲೂ ಒಂದು ಸಾಗರ್ ಇದೆ, ನೋಡಿ ಒತ್ತಿ.

ಬರ್ತ್ ನಂಬರ್ ಬಂದಾಗ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸ್ಲೀಪರ್, ಥರ್ಡ್ ಎಸಿಯಲ್ಲಿ ಎಂಟೆಂಟರ ಲೆಕ್ಕ. ನಂಬರನ್ನ 8ರಿಂದ ಭಾಗಿಸಿ, ಶೇಷ 1, 4 ಬಂದ್ರೆ ಕೆಳಗಿನದು. 2, 5 ಮಿಡ್ಲ್. 3, 6 ಮೇಲಿನದು. 7 ಸೈಡ್ ಕೆಳಗೆ. ಪೂರ್ತಿ ಭಾಗ ಆದ್ರೆ ಸೈಡ್ ಮೇಲೆ. 33ಕ್ಕೆ ಶೇಷ 1, ಕೆಳಗಿನದು. 40 ಪೂರ್ತಿ ಭಾಗ, ಸೈಡ್ ಅಪ್ಪರ್. ಸೆಕೆಂಡ್ ಎಸಿಗೆ ಈ ಲೆಕ್ಕ ನಡೆಯಲ್ಲ, ಅಲ್ಲಿ ಆರಾರರ ಗುಂಪು, ಮಿಡ್ಲ್ ಇಲ್ಲ. ಈ ಹಾಳೆ ಇದ್ರೆ ಯಾರು ಎಲ್ಲಿ ಮಲಗಬೇಕು ಅನ್ನೋದನ್ನ ಮನೆಯಲ್ಲೇ ಇತ್ಯರ್ಥ ಮಾಡಬಹುದು. ಗಾಡಿ ಹತ್ತಿದ ಮೇಲೆ ಬಾಗಿಲಲ್ಲಿ ನಿಂತು ಮಾಡಿದ್ರೆ ಹಿಂದಿನವರ ಬೈಗುಳ.

ಲೋವರ್ ಬರ್ತ್ ಕೋಟಾದ ಜೋಡಿಗಳು ಬೇರೆ ಬೇರೆ ಬೋಗಿಗೆ ಹೋಗೋ ಸಾಧ್ಯತೆ ಇದೆ. ಒಂದು ಬೋಗಿಯಲ್ಲಿ ಆ ಕೋಟಾಕ್ಕೆ ಇಟ್ಟಿರೋದು ನಾಲ್ಕಾರು ಬರ್ತ್ ಅಷ್ಟೇ. ಅದಕ್ಕೆ ಗಾಬರಿ ಬೇಡ. ಎಳೆಯರೊಬ್ಬರು ಹೋಗಿ ಆ ಬೋಗಿಯಲ್ಲಿರೋರ ಹತ್ತಿರ ಅದಲು-ಬದಲು ಕೇಳಿದ್ರೆ ಆಗುತ್ತೆ. ಕೇಳುವಾಗ ಕೆಳಗಿನ ಬರ್ತ್‌ಗೆ ಕೆಳಗಿನದೇ ಕೊಡಿ. ಮಿಡ್ಲ್ ಕೊಟ್ಟು ಕೆಳಗಿನದು ಕೇಳಿದ್ರೆ ಯಾರೂ ಒಪ್ಪಲ್ಲ, ಒಪ್ಪಬೇಕಾಗೂ ಇಲ್ಲ.

ಸ್ಲೀಪರೋ ಥರ್ಡ್ ಎಸಿಯೋ ಅಂದ್ರೆ ಈ ಗಾಡಿಗೆ ಮಾತ್ರ ಥರ್ಡ್ ಎಸಿ ಅಂತಲೇ ಹೇಳ್ತೀನಿ. ಚಳಿ, ಸೆಕೆಗಿಂತ ಕಾರಣ ಜನ: ಸ್ಲೀಪರ್‌ನಲ್ಲಿ ಜನರಲ್ ಟಿಕೆಟ್‌ನವರು ಹಗಲಲ್ಲಿ ಬಂದು ತುಂಬಿಕೊಂಡ್ರೆ ಹಿರಿಯರು ಶೌಚಾಲಯಕ್ಕೆ ಹೋಗಿ ಬರೋದೇ ಸಾಹಸ. ಹೊದಿಕೆ, ದಿಂಬು ಹೊತ್ತುಕೊಂಡು ಹೋಗೋ ಕೆಲಸವೂ ಉಳಿಯುತ್ತೆ. ತಾಳಗುಪ್ಪ ಗಾಡಿಗೆ ಸ್ಲೀಪರ್ ಸಾಕು, ಒಂದು ರಾತ್ರಿ ತಾನೇ.

ಸಾಮಾನು: ಥರ್ಡ್ ಎಸಿ, ಸ್ಲೀಪರ್ ಎರಡಕ್ಕೂ ತಲೆಗೆ 40 ಕೆ.ಜಿ. ಅಂತ ಲೆಕ್ಕ ಇದ್ರೂ ಅಡ್ಡಿಯಾಗೋದು ತೂಕ ಅಲ್ಲ, ಎತ್ತರ. ಬರ್ತ್ ಕೆಳಗೆ ಹೋಗದ ದೊಡ್ಡ ಸೂಟ್‌ಕೇಸ್ ದಾರಿಯಲ್ಲೇ ಕೂರುತ್ತೆ. ಮನೆಗೊಂದು ದೊಡ್ಡದರ ಬದಲು ತಲೆಗೊಂದು ಚಿಕ್ಕ ಬ್ಯಾಗ್. ಎಲ್ಲದಕ್ಕೂ ಒಂದೇ ಬಣ್ಣದ ಬಟ್ಟೆಚೂರು ಕಟ್ಟಿ, ನಂಬರ್ ಬರೆಯಿರಿ. ಡಿಡಿಯುನಲ್ಲಿ ನಿದ್ದೆಗಣ್ಣಲ್ಲಿ ಇಳಿಯುವಾಗ ಎಣಿಸೋದು ಸುಲಭ.

ಗುರುತಿನ ಚೀಟಿ: ಒಂದು ಪಿಎನ್‌ಆರ್‌ಗೆ ಒಬ್ಬರದಾದ್ರೂ ಅಸಲಿ ಇರಬೇಕು. ಏಳು ಪಿಎನ್‌ಆರ್ ಅಂದ್ರೆ ಏಳು ಕಡೆ. ಎಲ್ಲರ ಆಧಾರ್ ಒಬ್ಬರ ಬ್ಯಾಗ್‌ನಲ್ಲಿಟ್ಟು ಅವರು ಬೇರೆ ಬೋಗಿಯಲ್ಲಿ ಕೂತರೆ ಟಿಟಿಇ ಬಂದಾಗ ಪರದಾಟ. ಹಿರಿಯರ ಚೀಟಿ ಹಿರಿಯರ ಹತ್ತಿರವೇ ಇರಲಿ.

---

ಅಡಿಕೆಸಾಲು, ಸಾಗರ

ಎಲ್ಲರಿಗೂ ಉಪಕಾರ ಆಯ್ತು. ಛಿವ್ಕಿ ತಾರೀಕಿನ ವಿಷಯ ತಲೆಗೇ ಹೊಳೆದಿರಲಿಲ್ಲ. ಇನ್ನೂ ನಾಲ್ಕು ಪ್ರಶ್ನೆ:

ಮನೆಯಲ್ಲಿ ಇಡೀ ಬೋಗಿಯನ್ನೇ ಮಾಡಿಸೋಣ ಅಂತಿದ್ದಾರೆ, ಅದು ಹೇಗೆ? ಬೆಂಗಳೂರಲ್ಲಿ ಬೆಳಗಿನ ಜಾವ ಇಳಿದು ಬೈಯಪ್ಪನಹಳ್ಳಿ ಟರ್ಮಿನಲ್‌ಗೆ 23 ಜನ ಹೇಗೆ ಹೋಗೋದು? ಊಟಕ್ಕೆ ಏನು ಕಟ್ಟಿಕೊಂಡು ಹೋಗೋದು, ಚಿಕ್ಕ ಗ್ಯಾಸ್ ಸ್ಟೌವ್ ಒಯ್ಯಬಹುದಾ, ಮಗುವಿನ ಗಂಜಿಗೆ? ಕೊನೇಗಳಿಗೆಯಲ್ಲಿ ಒಬ್ಬರು ಬರಲ್ಲ ಅಂದ್ರೆ ಆ ಟಿಕೆಟ್ ಇನ್ನೊಬ್ಬರಿಗೆ ಆಗುತ್ತಾ?

---

ತೊಡೆದೇವು ಡಬ್ಬಿ

ಸ್ಟೌವ್ ಮಾತೇ ಬೇಡ. ಗ್ಯಾಸ್, ಸೀಮೆಎಣ್ಣೆ, ಏನೂ ಗಾಡಿಯೊಳಗೆ ತರೋ ಹಾಗಿಲ್ಲ. ರೈಲ್ವೆ ಕಾಯ್ದೆಯಲ್ಲಿ ಮೂರು ವರ್ಷದ ತನಕ ಜೈಲು ಇದೆ. 2023ರ ಆಗಸ್ಟ್ 26ರಂದು ಮದುರೈ ಸ್ಟೇಷನ್‌ನಲ್ಲಿ ನಿಂತಿದ್ದ ಯಾತ್ರಿಕರ ಬೋಗಿ ಸುಟ್ಟು ಜನ ಸತ್ತದ್ದು ಹೀಗೇ ಒಳಗೆ ತಂದ ಸಿಲಿಂಡರ್‌ನಿಂದ. ಕರೆಂಟ್ ಕೆಟಲ್ ಕೂಡ ಆ ಪ್ಲಗ್‌ಗೆ ಹಾಕಬೇಡಿ, ಅದು ಮೊಬೈಲ್‌ಗೆ ಮಾತ್ರ. ಮಗುವಿಗೆ ಹುರಿದ ರಾಗಿಸರಿ ಪುಡಿ ಒಯ್ದು, ಪ್ಯಾಂಟ್ರಿಯವರ ಹತ್ತಿರ ಬಿಸಿನೀರು ತಗೊಂಡು ಫ್ಲಾಸ್ಕ್‌ನಲ್ಲಿಡಿ. ಒಂದು ಲೀಟರ್‌ನ ಫ್ಲಾಸ್ಕ್ ಎರಡು.

ಊಟದಲ್ಲಿ ಎಡವೋದು ಎಲ್ಲಿ ಅಂದ್ರೆ, ಬೆಂಗಳೂರಿಂದ ಲೆಕ್ಕ ಹಾಕ್ತಾರೆ. ನಿಮ್ಮ ಅಡುಗೆ ಆಗೋದು ಹಿಂದಿನ ಸಂಜೆ ಸಾಗರದಲ್ಲಿ. ಸಂಘಮಿತ್ರದಲ್ಲಿ ಮೊದಲ ಮಧ್ಯಾಹ್ನ ಬುತ್ತಿ ಬಿಚ್ಚೋ ಹೊತ್ತಿಗೆ ಅದಕ್ಕೆ 18-20 ಗಂಟೆ ಆಗಿರುತ್ತೆ, ಹೊರಗೆ ತಮಿಳುನಾಡಿನ ಬಿಸಿಲು. ಹಸಿ ತೆಂಗಿನಕಾಯಿ ಬಿದ್ದ ಯಾವುದೂ ನಿಲ್ಲಲ್ಲ. ಚಿತ್ರಾನ್ನ, ಮೊಸರನ್ನ, ತಂಬುಳಿ ಎಲ್ಲ ಬಿಟ್ಟುಬಿಡಿ.

ಮೊದಲ ಮಧ್ಯಾಹ್ನಕ್ಕೆ ಪುಳಿಯೋಗರೆ: ತಲೆಗೆ 100 ಗ್ರಾಂ ಅಕ್ಕಿ, 21 ಜನಕ್ಕೆ ಎರಡು ಕಾಲು ಕೆ.ಜಿ. ಸಾಕು. ಅನ್ನ ಉದುರುದುರಾಗಿ ಮಾಡಿ, ಅಗಲ ಪರಾತದಲ್ಲಿ ಹರಡಿ ಪೂರ್ತಿ ಆರಿಸಿ. ಗೊಜ್ಜಿಗೆ ಹುಣಸೆ, ಎಣ್ಣೆ ಎರಡೂ ಮನೆಗೆ ಹಾಕೋದಕ್ಕಿಂತ ತುಸು ಮುಂದೆ. ಒಣಕೊಬ್ಬರಿ ಮಾತ್ರ, ಅದೂ ಹುರಿದು. ಬಿಸಿಯಿರುವಾಗಲೇ ಡಬ್ಬಿಗೆ ಹಾಕಿ ಮುಚ್ಚಿದ್ರೆ ಮುಚ್ಚಳದ ಬೆವರು ಇಳಿದು ಬೆಳಿಗ್ಗೆಗೇ ಲೋಳೆ ಬರುತ್ತೆ, ಕೆಡೋದಕ್ಕೆ ಮುಖ್ಯ ಕಾರಣ ಅದೇ. ಬಾಡಿಸಿದ ಬಾಳೆಲೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪೊಟ್ಟಣ ಕಟ್ಟಿದ್ರೆ ತಟ್ಟೆ, ತೊಳೆಯೋದು ಎರಡೂ ಇಲ್ಲ.

ರಾತ್ರಿಗೆ ಚಪಾತಿ, ತಲೆಗೆ ನಾಲ್ಕರಂತೆ 85. ಹಿಟ್ಟು ಕಲಸುವಾಗ ಎಣ್ಣೆ ಧಾರಾಳ ಇರಲಿ. ಜೊತೆಗೆ ಪಲ್ಯ ಬೇಡ, ಶೇಂಗಾ ಚಟ್ನಿಪುಡಿ ಮತ್ತೆ ಬೆಲ್ಲ. ಮರುದಿನ ಬೆಳಿಗ್ಗೆ ಗೊಜ್ಜವಲಕ್ಕಿ: ಅವಲಕ್ಕಿ ತರಿ ಒಂದೂಕಾಲು ಕೆ.ಜಿ., ಹುಣಸೆ ಬೆಲ್ಲದ ಗೊಜ್ಜು ಬಾಟಲಿಯಲ್ಲಿ ಬೇರೆ, ಒಗ್ಗರಣೆ ಪುಡಿ ಬೇರೆ. ನೀರು ಹಾಕಿ ಹತ್ತು ನಿಮಿಷ ಬಿಟ್ಟು ಕಲಸಿದ್ರೆ ಆಯ್ತು. ಇಲ್ಲಿಗೆ ಮನೆ ಬುತ್ತಿ ಮುಗಿಸಿ. ಎರಡನೇ ದಿನದ ಮಧ್ಯಾಹ್ನ, ರಾತ್ರಿಗೆ ಐಆರ್‌ಸಿಟಿಸಿ ಇ-ಕೇಟರಿಂಗ್‌ನಲ್ಲಿ ಪಿಎನ್‌ಆರ್ ಕೊಟ್ಟು ಮೊದಲೇ ಹೇಳಿ. ದಾರಿಯಲ್ಲಿ ನಾಗಪುರ, ಇಟಾರ್ಸಿ, ಜಬಲ್‌ಪುರ ಇವೆ. 21 ಊಟವನ್ನ ಒಂದೇ ಆರ್ಡರ್‌ನಲ್ಲಿ ಒಂದೇ ಬರ್ತ್‌ಗೆ ತರಿಸಿ. ಏಳು ಪಿಎನ್‌ಆರ್‌ನಿಂದ ಏಳು ಆರ್ಡರ್ ಕೊಟ್ಟರೆ ನಾಲ್ಕು ಬರುತ್ತೆ, ಮೂರಕ್ಕೆ ಫೋನ್ ಮಾಡ್ತಾ ಇರುವಾಗ ಗಾಡಿ ಹೊರಟಿರುತ್ತೆ.

ಅಪ್ಪೆಮಿಡಿ ಒಯ್ಯದೇ ಯಾರೂ ಇರಲ್ಲ, ಗೊತ್ತು. ಭರಣಿ ಬೇಡ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಗೆ ಮುಕ್ಕಾಲು ಮಾತ್ರ ತುಂಬಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಹಾಸಿ ಮುಚ್ಚಳ ತಿರುಗಿಸಿ, ಸ್ಟೀಲ್ ಡಬ್ಬಿಯೊಳಗೆ ನಿಲ್ಲಿಸಿ. ಸೂಟ್‌ಕೇಸ್‌ನಲ್ಲಿ ಅಡ್ಡ ಮಲಗಿಸಿದ್ರೆ ರೇಷ್ಮೆ ಸೀರೆಗೂ ಪಾಲು ಸಿಗುತ್ತೆ.

---

ಬೀರೂರು ಜಂಕ್ಷನ್

ಇಡೀ ಬೋಗಿ: ಐಆರ್‌ಸಿಟಿಸಿ ಮೂಲಕ ಸಿಗುತ್ತೆ, ಎಫ್‌ಟಿಆರ್ ಅಂತಾರೆ. ಒಂದು ಬೋಗಿಗೆ 50,000 ರೂಪಾಯಿ ಠೇವಣಿ. ನೀವು 21 ಜನ ಇದ್ರೂ ಬೋಗಿಯ ಎಲ್ಲ ಬರ್ತ್‌ಗಳ ಚಾರ್ಜು, ಅದರ ಮೇಲೆ ಹೆಚ್ಚುವರಿ ಶುಲ್ಕ ಬೇರೆ. 60-70 ಜನರ ಮದುವೆ ದಿಬ್ಬಣಕ್ಕೆ ಸರಿ, ನಿಮಗಲ್ಲ. ಕೌಂಟರ್‌ನಲ್ಲಿ ಅರ್ಜಿ ಕೊಟ್ಟು ಗುಂಪು ಬುಕಿಂಗ್ ಮಾಡೋದೂ ಇದೆ, ಆದರೆ ಅನುಮತಿ ಕೈಗೆ ಬಂದು ಕೌಂಟರ್ ಮುಂದೆ ನಿಲ್ಲೋ ಹೊತ್ತಿಗೆ ಸಂಘಮಿತ್ರದ ಥರ್ಡ್ ಎಸಿಯಲ್ಲಿ ವೇಟಿಂಗ್ ಲಿಸ್ಟ್ ಶುರುವಾಗಿರುತ್ತೆ. ನಾಲ್ಕು ಫೋನಿನ ದಾರಿಯೇ ಮೇಲು.

ಹೆಸರು ಬದಲಾವಣೆ: ಕನ್ಫರ್ಮ್ ಟಿಕೆಟ್‌ನ ಹೆಸರನ್ನ ಅಪ್ಪ, ಅಮ್ಮ, ಗಂಡ, ಹೆಂಡತಿ, ಮಕ್ಕಳು, ಅಣ್ಣ-ತಮ್ಮ, ಅಕ್ಕ-ತಂಗಿ ಇಷ್ಟೇ ಜನಕ್ಕೆ ಬದಲಾಯಿಸಬಹುದು. ಗಾಡಿ ಹೊರಡೋ 24 ಗಂಟೆ ಮೊದಲು, ರಿಸರ್ವೇಶನ್ ಕೌಂಟರ್‌ನಲ್ಲಿ ಸಂಬಂಧದ ದಾಖಲೆ ಇಟ್ಟು ಅರ್ಜಿ ಕೊಡಬೇಕು, ಅದೂ ಒಂದೇ ಸಲ. ಅತ್ತೆ, ಅತ್ತಿಗೆ, ದೊಡ್ಡಪ್ಪನ ಮಗ ಆ ಪಟ್ಟಿಯಲ್ಲಿ ಇಲ್ಲ. ನಮ್ಮ ಕಡೆ ‘ಎಲ್ಲ ಒಂದೇ ಮನೆ’ ಆದ್ರೂ ರೈಲ್ವೆಗೆ ಹಾಗಲ್ಲ. ಇದಕ್ಕಾಗೇ ಪಿಎನ್‌ಆರ್‌ಗಳನ್ನ ಒಲೆಯ ಲೆಕ್ಕದಲ್ಲಿ ಒಡೆಯೋದು ಒಳ್ಳೇದು: ಒಂದು ಸಂಸಾರ ಹಿಂದೆ ಸರಿದರೆ ಅವರ ಟಿಕೆಟ್ ಮಾತ್ರ ರದ್ದಾಗುತ್ತೆ, ಬೇರೆಯವರದು ಮುಟ್ಟಬೇಕಾಗಲ್ಲ. ರದ್ದು ಮಾಡೋದಿದ್ರೆ ಬೇಗ ಮಾಡಿ, ತಡ ಆದಷ್ಟೂ ಕಡಿತ ಜಾಸ್ತಿ.

ಬೆಂಗಳೂರು: ತಾಳಗುಪ್ಪ ಗಾಡಿ ಮೆಜೆಸ್ಟಿಕ್‌ಗೆ ಬರೋದು ಬೆಳಗಿನ ಜಾವ. ಸಂಘಮಿತ್ರ ಹೊರಡೋದು ಬೆಳಿಗ್ಗೆ ಒಂಬತ್ತರ ಆಸುಪಾಸು, ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ, ನೀವು ಬೈಯಪ್ಪನಹಳ್ಳಿ ಟರ್ಮಿನಲ್ ಅಂದದ್ದು ಅದೇ. ಸಮಯ ಇದೆ. ಮೆಟ್ರೋ ಬೈಯಪ್ಪನಹಳ್ಳಿ ತನಕ ಇದ್ರೂ ಅಲ್ಲಿಂದ ಟರ್ಮಿನಲ್‌ಗೆ ಮತ್ತೆ ಆಟೋ ಹಿಡೀಬೇಕು, ಭಾನುವಾರ ಮೆಟ್ರೋ ಶುರುವಾಗೋದೂ ತಡ. 26 ಸೀಟಿನ ಟಿಟಿ (ಟೆಂಪೊ ಟ್ರಾವೆಲರ್) ಒಂದನ್ನ ಮೊದಲೇ ಹೇಳಿಡಿ, ಆರು ಗಂಟೆಗೆ. ಅಷ್ಟರಲ್ಲಿ ಮೆಜೆಸ್ಟಿಕ್‌ನ ವೇಟಿಂಗ್ ರೂಮಿನಲ್ಲಿ ಮುಖ ತೊಳೆದು ತಯಾರಾಗಬಹುದು. ಹಿರಿಯರನ್ನ ಆ ಹೊತ್ತಲ್ಲಿ ನಾಲ್ಕು ಆಟೋಗೆ ಹಂಚಿದ್ರೆ ಒಂದು ಆಟೋ ಖಂಡಿತ ಯಶವಂತಪುರಕ್ಕೆ ಹೋಗುತ್ತೆ.

ಎರಡು ಗಾಡಿಯ ಪಿಎನ್‌ಆರ್‌ಗಳನ್ನ ಒಂದಕ್ಕೊಂದು ಜೋಡಿಸೋ ಸೌಲಭ್ಯ 2019ರಿಂದ ಇದೆ. ಮೊದಲ ಗಾಡಿ ತಡ ಆಗಿ ಎರಡನೆಯದು ತಪ್ಪಿದ್ರೆ ಎರಡನೆಯದರ ದುಡ್ಡು ಕಡಿತ ಇಲ್ಲದೇ ವಾಪಸು. ಆದರೆ ಎರಡೂ ಟಿಕೆಟ್‌ನಲ್ಲಿ ಅದೇ ಜನ, ಅದೇ ವಿವರ ಇರಬೇಕು. ಇಳಿಯೋ, ಹತ್ತೋ ಸ್ಟೇಷನ್ ಒಂದೇ ಅಥವಾ ರೈಲ್ವೆ ಒಂದೇ ಗುಂಪು ಅಂತ ಗುರುತಿಸಿದ್ದು ಆಗಿರಬೇಕು. ನೀವು ಮೊದಲ ಗಾಡಿಗೆ 5, ಎರಡನೆಯದಕ್ಕೆ 7 ಅಂತ ಬೇರೆ ಬೇರೆ ಒಡೆದರೆ ಇದು ಸಿಗಲ್ಲ. ಹೋಗುವಾಗ ನಾಲ್ಕೈದು ಗಂಟೆ ಅಂತರ ಇರೋದ್ರಿಂದ ಚಿಂತೆ ಇಲ್ಲ.

ಚಿಂತೆ ಇರೋದು ಬರುವಾಗ. ಸಂಘಮಿತ್ರ ಬೆಂಗಳೂರು ಮುಟ್ಟೋದು 20ರ ಸಂಜೆ ಮೇಲೆ, ಮೈಸೂರು–ತಾಳಗುಪ್ಪ ಗಾಡಿ ಮೆಜೆಸ್ಟಿಕ್ ಬಿಡೋದು ಅದೇ ರಾತ್ರಿ. ಕಾಗದದ ಮೇಲೆ ಆಗುತ್ತೆ. ಆದರೆ ಎರಡು ಸಾವಿರ ಕಿ.ಮೀ. ಮೀರಿ ಬರೋ ಗಾಡಿ ಮೂರು ಗಂಟೆ ತಡ ಆಗೋದು ಸುದ್ದಿಯೇ ಅಲ್ಲ. 20ರ ರಾತ್ರಿಗೆ ಮಾಡಿಸಲೇಬೇಡಿ. ಬೆಂಗಳೂರಲ್ಲಿ ನಿಮ್ಮ ಕಡೆಯೋರ ಮನೆ ಎರಡಾದ್ರೂ ಇರುತ್ತೆ; ಅಲ್ಲಿ ಒಂದು ರಾತ್ರಿ ಮಲಗಿ, 21ರ ಮಧ್ಯಾಹ್ನದ ತಾಳಗುಪ್ಪ ಇಂಟರ್‌ಸಿಟಿ ಹಿಡಿಯಿರಿ. ಅದು ಕೂತು ಹೋಗೋ ಪ್ರಯಾಣ, ಲೋವರ್ ಬರ್ತ್‌ನ ತಲೆಬಿಸಿ ಇಲ್ಲ. ಅದರ ಬುಕಿಂಗ್ ತೆರೆಯೋದು ಡಿಸೆಂಬರ್ 23ಕ್ಕೆ.

ವಾಪಸು ಟಿಕೆಟ್ ಛಿವ್ಕಿಯಿಂದ ವೇಟಿಂಗ್ ಬಂದ್ರೆ ಅದರ ಹಿಂದಿರೋ ಅಕ್ಷರ ನೋಡಿ. ನಡುವಿನ ಸ್ಟೇಷನ್‌ಗಳ ಆರ್‌ಎಲ್‌ಡಬ್ಲ್ಯೂಎಲ್, ಪಿಕ್ಯೂಡಬ್ಲ್ಯೂಎಲ್ ಇಳಿಯೋದು ನಿಧಾನ. ಗಾಡಿ ಹೊರಡೋ ಜಾಗದ ಜಿಎನ್‌ಡಬ್ಲ್ಯೂಎಲ್ ಬೇಗ ಇಳಿಯುತ್ತೆ. ಹಾಗಾದಾಗ ದಾನಾಪುರದಿಂದಲೇ ಟಿಕೆಟ್ ತೆಗೆದು, ಬೋರ್ಡಿಂಗ್ ಸ್ಟೇಷನ್ ಛಿವ್ಕಿ ಅಂತ ಹಾಕಿ. ತಲೆಗೆ ಸ್ವಲ್ಪ ದುಡ್ಡು ಜಾಸ್ತಿ, ಆದ್ರೆ ಬರ್ತ್ ಸಿಗುತ್ತೆ. ತತ್ಕಾಲ್ ನಂಬಿಕೊಂಡು ಕೂರಬೇಡಿ: ಒಂದು ಟಿಕೆಟ್‌ಗೆ ನಾಲ್ಕೇ ಜನ, ಎಸಿಗೆ ಹಿಂದಿನ ದಿನ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. 21 ಜನಕ್ಕೆ ಆರು ತತ್ಕಾಲ್ ಟಿಕೆಟ್ ಒಂದೇ ಬೆಳಿಗ್ಗೆ ಸಿಗೋದು ಕನಸು.

---

ತುಂಗಾತೀರ

ಬೀರೂರಿನೋರು ದಾನಾಪುರದಿಂದ ಟಿಕೆಟ್ ಅಂದಾಗ ತಾರೀಕು ಮತ್ತೆ ಬದಲಾಗುತ್ತೆ ನೋಡಿ. ಹಾಗೆ ಮಾಡಿದ್ರೆ ಫಾರಂನಲ್ಲಿ ಪ್ರಯಾಣದ ದಿನ 18 ಅಂತಲೇ ಹಾಕಬೇಕು, ಗಾಡಿ ದಾನಾಪುರ ಬಿಡೋದು 18ಕ್ಕೆ. ಬೋರ್ಡಿಂಗ್ ಜಾಗದಲ್ಲಿ ಛಿವ್ಕಿ ಆರಿಸಿದಾಗ 19 ಅಂತ ತಾನೇ ತೋರಿಸುತ್ತೆ. ಛಿವ್ಕಿಯಿಂದಲೇ ತೆಗೆದರೆ 19. ನಾಲ್ಕು ಫೋನಿನೋರಲ್ಲಿ ಇಬ್ಬರು ಒಂದು ಥರ, ಇಬ್ಬರು ಇನ್ನೊಂದು ಥರ ಮಾಡಿ ಅರ್ಧ ಮನೆ ಒಂದು ದಿನ ಮೊದಲೇ ಬರೋ ಹಾಗೆ ಆಗಬಾರದು. ಹಿಂದಿನ ರಾತ್ರಿಯೇ ಗುಂಪಲ್ಲಿ ಬರೆದು ಹಾಕಿ: ಎಲ್ಲಿಂದ, ಯಾವ ತಾರೀಕು, ಬೋರ್ಡಿಂಗ್ ಎಲ್ಲಿ.